‘ಭವಾವಳಿ’ ಅಂದರೆ ಪುನರ್ಜನ್ಮವೇ?

ಓದುಗರ ಪ್ರಶ್ನೆ: ಪದವಿ ವಿದ್ಯಾರ್ಥಿಗಳಿಗೆಂದು ಪಾಶ್ಚಾತ್ಯ ತತ್ತ್ವಶಾಸ್ತ್ರದ ಪರಿಚಯ ಪುಸ್ತಕವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಪೈಥಾಗೊರಸ್ ಕುರಿತ ಅಧ್ಯಾಯದಲ್ಲಿ ‘ಮೆಟೆಂಪ್ಸೈಕೋಸಿಸ್’ (ಸತ್ತ ಮೇಲೆ ಜೀವ ಇನ್ನೊಂದು ದೇಹ ಸೇರುವುದು) ಎಂಬ ಪದ ಏಳೆಂಟು ಕಡೆ ಬರುತ್ತದೆ. ಎಲ್ಲ ಕಡೆಯೂ ‘ಪುನರ್ಜನ್ಮ’ ಎಂದು ಬರೆದಿದ್ದೆ. ಕರಡು ನೋಡಿದ ಸಹೋದ್ಯೋಗಿ ಅದನ್ನು ಹೊಡೆದು ‘ಪರಕಾಯ ಪ್ರವೇಶ’ ಎಂದು ತಿದ್ದಿದರು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ‘ಎರಡೂ ಬೇಡ, ಹಳಗನ್ನಡದಲ್ಲಿ ಭವಾವಳಿ ಅಂತ ಚೆಂದದ ಪದ ಇದೆ, ಅದನ್ನೇ ಹಾಕಿ’ ಅಂದರು. ಭವಾವಳಿ ಅಂದರೆ ನಿಖರವಾಗಿ ಏನು? ಅದು ಜೈನರ ಪದವಲ್ಲವೇ, ಗ್ರೀಕರ ವಿಚಾರಕ್ಕೆ ಹಾಕಿದರೆ ಆಭಾಸವಾಗುವುದಿಲ್ಲವೇ? ‘ಭವಾವಲಿ’ ಎಂದು ಬರೆಯಬೇಕೋ ‘ಭವಾವಳಿ’ ಎಂದೋ?

ಉತ್ತರ: ಸಹೋದ್ಯೋಗಿಯ ತಿದ್ದುಪಡಿಯನ್ನು ಮೊದಲು ತೆಗೆದುಹಾಕಿ, ಅದು ತಪ್ಪು. ನಿಮ್ಮ ‘ಪುನರ್ಜನ್ಮ’ ತಪ್ಪಲ್ಲ, ಆದರೆ ಸಡಿಲ. ಮೇಷ್ಟ್ರು ಹೇಳಿದ್ದು ಒಳ್ಳೆಯ ಪದವೇ. ಆದರೆ ನಿಮ್ಮ ಏಳೆಂಟು ಜಾಗಗಳ ಪೈಕಿ ಅದು ಒಂದೆರಡು ಕಡೆ ಮಾತ್ರ ಕೂರುತ್ತದೆ. ‘ಸತ್ತ ಮೇಲೆ ಜೀವ ಇನ್ನೊಂದು ಮೈಗೆ ಹೋಗುತ್ತದೆ’ ಎಂಬ ಸಿದ್ಧಾಂತಕ್ಕೆ ಒಂದು ಹೆಸರು ಬೇಕು. ‘ಇಂಥವನು ಮೊದಲು ಇಂಥವನಾಗಿದ್ದ, ಆಮೇಲೆ ಇಂಥದ್ದಾಗಿ ಹುಟ್ಟಿದ’ ಎಂಬ ಪಟ್ಟಿಗೆ ಇನ್ನೊಂದು ಹೆಸರು ಬೇಕು. ಭವಾವಳಿ ಆ ಪಟ್ಟಿಯ ಹೆಸರು. ಅದನ್ನು ಸಿದ್ಧಾಂತದ ತಲೆಗೆ ಕಟ್ಟಿದಾಗಲೇ ತೊಂದರೆ ಶುರುವಾಗುವುದು.

ಭವ, ಆವಳಿ ಇವೆರಡು ಸವರ್ಣದೀರ್ಘ ಸಂಧಿಯಾಗಿ ಭವಾವಳಿ ಆಗಿದೆ. ಆವಳಿ ಅಂದರೆ ಸಾಲು. ದೀಪಾವಳಿ, ನಾಮಾವಳಿ, ಬಿರುದಾವಳಿಗಳಲ್ಲಿ ಇರುವುದೂ ಅದೇ. ಭವ ಅಂದರೆ ಇರವು, ಹುಟ್ಟು. ವಂಶಾವಳಿಯಲ್ಲಿ ತಂದೆ, ಮಗ, ಮೊಮ್ಮಗ ಎಂದು ಬೇರೆ ಬೇರೆ ಜನ ಸಾಲಾಗಿ ನಿಲ್ಲುತ್ತಾರೆ. ಭವಾವಳಿಯಲ್ಲಿ ಒಂದೇ ಜೀವ ಬೇರೆ ಬೇರೆ ಮೈಗಳಲ್ಲಿ ಸಾಲಾಗಿ ನಿಲ್ಲುತ್ತದೆ. ಸಂಸ್ಕೃತದಲ್ಲಿ ‘ಭವಾವಲಿ’ ಸರಿ, ಕನ್ನಡದಲ್ಲಿ ‘ದೀಪಾವಳಿ’ಯ ಹಾಗೆ ಳಕಾರವೇ ರೂಢಿ. ಕರಡಚ್ಚು ತಿದ್ದುವಾಗ ಎರಡು ತಪ್ಪುಗಳ ಮೇಲೆ ಕಣ್ಣಿಡಿ: ‘ಭಾವಾವಳಿ’ ಎಂದಾದರೆ ಭಾವನೆಗಳ ಸಾಲಾಗುತ್ತದೆ; ಪದ ಗೊತ್ತಿಲ್ಲದ ಡಿಟಿಪಿಯವರ ಕೈಯಲ್ಲಿ ‘ಪ್ರಭಾವಳಿ’ ಆಗಿಬಿಟ್ಟರೆ ದೇವರ ವಿಗ್ರಹದ ಹಿಂದಿನ ಕಮಾನಾಗುತ್ತದೆ.

ಪದದ ಮನೆ ಜೈನ ಕಾವ್ಯ ಎಂಬ ನಿಮ್ಮ ಊಹೆ ಸರಿ. ಕ್ರಿ.ಶ. 941ರ ಪಂಪನ ಆದಿಪುರಾಣ ಇದಕ್ಕೆ ಒಳ್ಳೆಯ ಮಾದರಿ. ಮೊದಲ ತೀರ್ಥಂಕರನಾದ ವೃಷಭನಾಥ ಹುಟ್ಟುವ ಮೊದಲು ಆ ಜೀವ ಜಯವರ್ಮ, ವಿದ್ಯಾಧರ ರಾಜ ಮಹಾಬಲ, ಸ್ವರ್ಗದ ಲಲಿತಾಂಗದೇವ, ವಜ್ರಜಂಘ, ಭೋಗಭೂಮಿಯ ಆರ್ಯ, ಶ್ರೀಧರದೇವ, ಸುವಿಧಿ, ಅಚ್ಯುತೇಂದ್ರ, ವಜ್ರನಾಭಿ, ಅಹಮಿಂದ್ರ ಆಗಿ ಬಂದಿರುತ್ತದೆ. ಈ ಸಾಲೇ ಆದಿನಾಥನ ಭವಾವಳಿ. ಇಲ್ಲಿ ಎಣಿಕೆಯ ತಕರಾರೊಂದು ಪದೇ ಪದೇ ಕಾಣುತ್ತದೆ. ಒಬ್ಬರು ‘ಹತ್ತು ಭವ’ ಅನ್ನುತ್ತಾರೆ, ಇನ್ನೊಬ್ಬರು ‘ಹನ್ನೊಂದು’ ಅನ್ನುತ್ತಾರೆ, ವಿದ್ಯಾರ್ಥಿಗಳು ಗಲಿಬಿಲಿಗೊಳ್ಳುತ್ತಾರೆ. ಮಹಾಬಲನಿಂದ ಎಣಿಸಿದರೆ ವೃಷಭನ ಹುಟ್ಟು ಹತ್ತನೆಯದು, ಜಯವರ್ಮನಿಂದ ಎಣಿಸಿದರೆ ಹನ್ನೊಂದನೆಯದು, ಅಷ್ಟೇ. ಸಂಖ್ಯೆ ಬರೆಯುವಾಗ ಎಲ್ಲಿಂದ ಎಲ್ಲಿಯವರೆಗೆ, ಕೊನೆಯ ಹುಟ್ಟು ಸೇರಿಯೋ ಸೇರದೆಯೋ ಎಂಬುದನ್ನೂ ಬರೆಯಬೇಕು.

ಆದರೆ ಒಂದೇ ಜೀವದ ಸಾಲನ್ನು ಹಿಡಿದು ಕೂತರೆ ಭವಾವಳಿಯ ಅರ್ಧ ಕೆಲಸ ಕಾಣುವುದಿಲ್ಲ. ಲಲಿತಾಂಗನ ಪ್ರಿಯೆ ಸ್ವಯಂಪ್ರಭೆಯನ್ನು ನೋಡಿ. ಅವಳು ಹಿಂದೆ ನಿರ್ನಾಮಿಕೆ ಎಂಬ ಬಡ ಹುಡುಗಿ. ಸ್ವರ್ಗದಿಂದ ಇಳಿದಾಗ ಶ್ರೀಮತಿ. ಆಕಾಶದಲ್ಲಿ ಸಾಗುವ ದೇವತೆಗಳನ್ನು ಕಂಡು ಮೂರ್ಛೆ ಹೋಗುತ್ತಾಳೆ, ಹಿಂದಿನ ಭವ ನೆನಪಾಗುತ್ತದೆ. ತನ್ನ ಪೂರ್ವಭವದ ಚಿತ್ರಪಟವನ್ನು ದಾದಿ ಪಂಡಿತೆಯ ಕೈಲಿ ಜಿನಾಲಯಕ್ಕೆ ಕಳಿಸುತ್ತಾಳೆ, ಅದನ್ನು ಗುರುತಿಸಿದವನು ವಜ್ರಜಂಘ. ಇಬ್ಬರೂ ಶಯ್ಯಾಗೃಹದಲ್ಲಿ ತುಂಬಿಕೊಂಡ ಧೂಪದ ಹೊಗೆಗೆ ಸಿಕ್ಕಿ ಒಟ್ಟಿಗೆ ಸಾಯುತ್ತಾರೆ. ಮುಂದೆ ಭೋಗಭೂಮಿಯಲ್ಲಿ ಮತ್ತೆ ದಂಪತಿ. ಅದರ ನಂತರ ಹೆಣ್ಣು ಜನ್ಮ ಮುಗಿದು ಆ ಜೀವ ಸ್ವಯಂಪ್ರಭನೆಂಬ ದೇವನಾಗುತ್ತದೆ, ಮುಂದಿನ ಭವದಲ್ಲಿ ಸುವಿಧಿಯ ಮಗ ಕೇಶವನಾಗುತ್ತದೆ, ಕೊನೆಗೆ ಹಸ್ತಿನಾಪುರದ ಶ್ರೇಯಾಂಸನಾಗುತ್ತದೆ. ಪ್ರಿಯೆಯಾಗಿದ್ದವಳು ಮಗನಾದಳು ಎಂಬಲ್ಲಿ ‘ಪುನರ್ಜನ್ಮ’ ಎಂಬ ಒಂಟಿ ಪದ ಸೋಲುತ್ತದೆ. ಅಲ್ಲಿ ಮುಖ್ಯವಾದದ್ದು ಮತ್ತೆ ಹುಟ್ಟಿದ್ದಲ್ಲ. ನಂಟಿನ ಹೆಸರು ಪ್ರತಿ ಸಲ ಬದಲಾದರೂ ನಂಟು ಬಿಡದೇ ಇದ್ದದ್ದು. ಕೆಲವು ಓದುಗರು ಜೈನ ಪುರಾಣಗಳ ಭವಾವಳಿಯನ್ನು ಕಥೆಗೆ ಅಡ್ಡ ಬರುವ ಹೊರೆ ಎಂದು ಮೂಗು ಮುರಿಯುತ್ತಾರೆ. ಆದಿಪುರಾಣದ ಮಟ್ಟಿಗೆ ಅದು ಅನ್ಯಾಯದ ಮಾತು. ಅಲ್ಲಿ ಭವಾವಳಿಯೇ ಕಥೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದ ನಿಮಗೆ ಬೇಕಾಗುತ್ತದೆ: ಜಾತಿಸ್ಮರಣೆ. ಇಲ್ಲಿ ಜಾತಿ ಅಂದರೆ ಹುಟ್ಟು. ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದಿನ ಹುಟ್ಟು ನೆನಪಾದವರು ಜಾತಿಸ್ಮರರು. ದೀಕ್ಷೆ ತೊಟ್ಟ ವೃಷಭನಾಥ ಆಹಾರಕ್ಕೆ ಹೊರಟಾಗ ಮುನಿಗೆ ಆಹಾರ ಕೊಡುವ ಕ್ರಮ ಯಾರಿಗೂ ಗೊತ್ತಿರುವುದಿಲ್ಲ. ಜನ ಆನೆ, ಕುದುರೆ, ಒಡವೆ ತಂದು ಮುಂದಿಡುತ್ತಾರೆ. ಶ್ರೇಯಾಂಸನಿಗೆ ತಾನು ಶ್ರೀಮತಿಯಾಗಿದ್ದಾಗ ವಜ್ರಜಂಘನ ಜೊತೆ ಮುನಿಗಳಿಗೆ ಆಹಾರ ಕೊಟ್ಟದ್ದು ನೆನಪಾಗಿ, ಕಬ್ಬಿನ ಹಾಲು ನೀಡುತ್ತಾನೆ. ಜೈನರ ಅಕ್ಷಯ ತೃತೀಯೆ ಈ ದಾನದ ನೆನಪು. ವಿದ್ಯಾರ್ಥಿಗಳಿಗೆ ಬರೆಯುವಾಗ ‘ಜಾತಿಸ್ಮರಣೆ’ಯನ್ನು ಹಾಗೇ ಬಿಟ್ಟರೆ ಬೇರೆ ಅರ್ಥವಾಗುವ ಅಪಾಯ ಇದೆ, ‘ಪೂರ್ವಭವದ ನೆನಪು’ ಎಂದರೆ ಸಾಕು.

1209ರ ಜನ್ನನ ಯಶೋಧರ ಚರಿತೆ ಭವಾವಳಿಯ ಕರಾಳ ಮುಖ. ಯಶೋಧರ ಮತ್ತು ತಾಯಿ ಚಂದ್ರಮತಿ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾರೆ. ಆಮೇಲೆ ಯಶೋಧರನ ಹೆಂಡತಿ ಅಮೃತಮತಿ ಇಕ್ಕಿದ ವಿಷಕ್ಕೆ ಇಬ್ಬರೂ ಸಾಯುತ್ತಾರೆ. ಮಗ ನವಿಲಾದರೆ ತಾಯಿ ನಾಯಿ. ಮಗ ಮುಳ್ಳುಹಂದಿ, ತಾಯಿ ಹಾವು. ಮಗ ಮೀನು, ತಾಯಿ ಮೊಸಳೆ. ಮುಂದೆ ಆಡು, ಕೋಣ ಎಲ್ಲ ದಾಟಿ, ಇಬ್ಬರೂ ಕೋಳಿಗಳಾಗಿ, ಕೊನೆಗೆ ಯಶೋಧರನ ಸ್ವಂತ ಮಗ ಯಶೋಮತಿಗೇ ಅವಳಿ ಮಕ್ಕಳಾಗಿ, ಅಭಯರುಚಿ ಅಭಯಮತಿಯಾಗಿ ಹುಟ್ಟುತ್ತಾರೆ. ಇದನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಓದಿದರೆ ಪ್ರಾಣಿಗಳ ಪಟ್ಟಿ. ಕಾಗದದಲ್ಲಿ ಎರಡು ಕಾಲಂ ಹಾಕಿ ಅಡ್ಡಕ್ಕೆ ಓದಿದರೆ ಗೊತ್ತಾಗುತ್ತದೆ: ನಾಯಿ ನವಿಲನ್ನು ಕೊಲ್ಲುತ್ತದೆ, ಮುಂದಿನ ಭವದಲ್ಲಿ ಮುಳ್ಳುಹಂದಿ ಹಾವನ್ನು ಕೊಲ್ಲುತ್ತದೆ. ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ನಿಜದ್ದೇ ಎಂಬ ವಾದವನ್ನು ಕವಿ ಬಾಯಲ್ಲಿ ಹೇಳುವುದಕ್ಕಿಂತ ಈ ಎರಡು ಕಾಲಂಗಳಲ್ಲಿ ಹೆಚ್ಚು ಹೇಳಿದ್ದಾನೆ. ಪಾಠ ಮಾಡುವವರಿಗೆ ನನ್ನ ಸಲಹೆಯೂ ಇದೇ, ಭವಾವಳಿಯನ್ನು ಬಾಯಿಪಾಠ ಮಾಡಿಸಬೇಡಿ, ಬರೆಸಿ.

ಈಗ ಕೆಲವು ತಪ್ಪು ತಿಳಿವಳಿಕೆಗಳು. ‘ಆತ್ಮ ದೇಹ ಬಿಟ್ಟು ಎಲ್ಲೋ ಅಲೆಯುತ್ತಾ ಇರುತ್ತದೆ, ಆಮೇಲೆ ಹುಟ್ಟುತ್ತದೆ’ ಎಂಬ ಕಲ್ಪನೆ ಜೈನ ಭವಾವಳಿಯದಲ್ಲ. ಜೈನರ ತತ್ತ್ವಗ್ರಂಥವಾದ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಪ್ರಕಾರ ಸತ್ತ ಜೀವ ಕಾರ್ಮಣ ಶರೀರದೊಡನೆ (ಕರ್ಮದಿಂದಾದ ಸೂಕ್ಷ್ಮ ಮೈಯೊಡನೆ) ಹೊರಟು, ಹೆಚ್ಚೆಂದರೆ ಮೂರು ತಿರುವು ತೆಗೆದುಕೊಂಡು, ಬೆರಳೆಣಿಕೆಯ ‘ಸಮಯ’ಗಳಲ್ಲಿ ಹೊಸ ಜಾಗ ಸೇರುತ್ತದೆ. ಸಮಯ ಅಂದರೆ ಇಲ್ಲಿ ಗಂಟೆಯಲ್ಲ, ಕಾಲದ ಅತಿ ಸಣ್ಣ ತುಣುಕು. ಹೋಗುವ ದಾರಿಗಳು ನಾಲ್ಕು: ದೇವ, ಮನುಷ್ಯ, ತಿರ್ಯಂಚ (ಪ್ರಾಣಿ, ಗಿಡಮರ ಮೊದಲಾದವು), ನಾರಕ. ಇವಕ್ಕೆ ‘ಗತಿ’ ಎಂದು ಹೆಸರು. ದೆವ್ವವಾಗಿ ಕಾದು ಕೂರುವ ಐದನೆಯ ಗತಿ ಇಲ್ಲ.

ಎರಡನೆಯದು, ಅವತಾರವನ್ನು ಭವಾವಳಿ ಅನ್ನುವುದು. ದಶಾವತಾರ ವಿಷ್ಣುವಿನ ಭವಾವಳಿಯಲ್ಲ. ಅವತಾರ ಬೇಕೆಂದು ಇಳಿದು ಬಂದದ್ದು. ಭವ ಕರ್ಮ ಎಳೆದುಕೊಂಡು ಹೋದದ್ದು. ಆದರೆ ಭಾಗವತದ ಐದನೆಯ ಸ್ಕಂಧದ ಭರತನ ಕಥೆಗೆ ಈ ಪದ ಹಾಕಿದರೆ ಯಾರೂ ಆಕ್ಷೇಪಿಸಲಾರರು: ರಾಜನಾಗಿದ್ದವನು ಜಿಂಕೆಮರಿಯ ಮೇಲಿನ ಮಮತೆಯಿಂದ ಜಿಂಕೆಯಾಗಿ, ಮತ್ತೆ ಜಡಭರತನೆಂಬ ಬ್ರಾಹ್ಮಣನಾಗಿ ಹುಟ್ಟುತ್ತಾನೆ. ಪದ ಜೈನರ ಮನೆಯಲ್ಲಿ ಬೆಳೆದದ್ದು ನಿಜ, ಬೀಗ ಹಾಕಿಟ್ಟದ್ದಲ್ಲ.

ಮೂರನೆಯದು ‘ಭವ’ ಎಂಬ ಮೂಲಪದದ್ದೇ ಗೊಂದಲ. ಜೈನ ಕಾವ್ಯದಲ್ಲಿ ಭವ ಎಣಿಸಬಹುದಾದ್ದು: ಮೂರನೆಯ ಭವ, ಹಿಂದಿನ ಭವ. ವಚನಗಳಲ್ಲಿ ಅದು ಎಣಿಸುವ ವಸ್ತುವಲ್ಲ, ಕಳಚಿಕೊಳ್ಳಬೇಕಾದ ಒಟ್ಟು ಬಂಧನ. ಅಕ್ಕ ‘ಭವವಿಲ್ಲದ ಭಯವಿಲ್ಲದ’ ಚೆಲುವನಿಗೆ ಒಲಿದೆ ಅನ್ನುವಾಗಿನ ಭವ ಅದು. ‘ಭವಿ’ ವಚನಕಾರರಲ್ಲಿ ಲಿಂಗವಿಲ್ಲದವನು. ‘ಭವ್ಯ’ ಜೈನರಲ್ಲಿ ಮೋಕ್ಷಕ್ಕೆ ಯೋಗ್ಯವಾದ ಜೀವ. ಇಂದಿನ ಪತ್ರಿಕೆಗಳಲ್ಲಿ ಭವ್ಯ ಮೆರವಣಿಗೆ. ಹಳೆಯ ಪಠ್ಯ ಓದುವಾಗ ಯಾವ ಮನೆಯ ಭವ ಎಂದು ನೋಡಿಕೊಂಡೇ ಮುಂದೆ ಹೋಗಬೇಕು.

ಇನ್ನು ನಿಮ್ಮ ಗ್ರೀಕರ ಕಡೆ ಬರೋಣ. ಮೆಟೆಂಪ್ಸೈಕೋಸಿಸ್ ಪೈಥಾಗೊರಸ್ ಬಳಸಿದ ಪದ ಎಂದು ನಿಮ್ಮ ಮೂಲ ಪುಸ್ತಕ ಸೂಚಿಸುತ್ತಿದ್ದರೆ ಅಲ್ಲೊಂದು ಅಡಿಟಿಪ್ಪಣಿ ಹಾಕಿ. ಪ್ಲೇಟೋ ಕೂಡ ಈ ಪದ ಬಳಸುವುದಿಲ್ಲ. ಇದು ನಂತರದವರ ಪದ. ಬಿಡಿಸಿದರೆ ಬದಲಾವಣೆ, ಒಳಗೆ, ಪ್ರಾಣ ಎಂಬ ಮೂರು ತುಣುಕು ಸಿಗುತ್ತವೆ, ಅಂದರೆ ಹೆಚ್ಚುಕಡಿಮೆ ‘ಪ್ರಾಣ ತುಂಬುವುದರಲ್ಲಿ ಬದಲಾವಣೆ’. ಇದು ವಿಚಿತ್ರವಾಗಿ ಮೈಯ ಕಡೆಯಿಂದ ನೋಡಿದ ಹೆಸರು, ಮೈ ಇದ್ದಲ್ಲೇ ಇದ್ದು ಪ್ರಾಣ ಬದಲಾದಂತೆ. ಕ್ರಿ.ಶ. ಮೂರನೆಯ ಶತಮಾನದ ತತ್ತ್ವಜ್ಞಾನಿ ಪ್ಲಾಟಿನಸ್ ಬಳಸುವುದು ‘ಮೆಟೆನ್ಸೊಮಟೋಸಿಸ್’ ಎಂಬ ಇನ್ನೊಂದು ಪದವನ್ನು. ಅದು ಮೈ ಬದಲಾವಣೆ. ಅರ್ಥಕ್ಕೆ ಅದೇ ಹತ್ತಿರ, ಪ್ರಸಿದ್ಧವಾದದ್ದು ಮಾತ್ರ ಮೆಟೆಂಪ್ಸೈಕೋಸಿಸ್.

ಪೈಥಾಗೊರಸ್‌ಗೆ ಈ ನಂಬಿಕೆ ಇತ್ತು ಎಂಬುದಕ್ಕೆ ಹಳೆಯ ಸಾಕ್ಷಿ ಒಂದು ಗೇಲಿ. ಅವನ ಕಾಲಕ್ಕೆ ಹತ್ತಿರದ ಕವಿ ಕ್ಸೆನೊಫನಿಸ್ ಬರೆದದ್ದು: ಯಾರೋ ನಾಯಿಮರಿಯನ್ನು ಹೊಡೆಯುತ್ತಿದ್ದಾಗ ಪೈಥಾಗೊರಸ್ ‘ನಿಲ್ಲಿಸು, ಅದು ನನ್ನ ಗೆಳೆಯನ ಜೀವ, ದನಿಯಿಂದ ಗುರುತು ಸಿಕ್ಕಿತು’ ಅಂದನಂತೆ. ಇಲ್ಲಿ ಬೇಕಾದದ್ದು ಸಿದ್ಧಾಂತದ ಹೆಸರು. ಭವಾವಳಿ ಹಾಕಿದರೆ ಸರಿಹೋಗದು; ಸಾಲು ಎಲ್ಲಿದೆ?

ಆದರೆ ಇದೇ ಪೈಥಾಗೊರಸ್‌ನ ಬಗ್ಗೆ ಪಾಂಟಸ್‌ನ ಹೆರಾಕ್ಲಿಡಿಸ್ ಎಂಬ ಗ್ರೀಕ್ ಲೇಖಕ ಹೇಳಿದ್ದೆಂದು ಉಳಿದುಬಂದ ಕಥೆ ನೋಡಿ. ಅವನು ಮೊದಲು ಹರ್ಮಿಸ್ ದೇವತೆಯ ಮಗ ಈಥಲಿಡಿಸ್. ಅಮರತ್ವ ಒಂದು ಬಿಟ್ಟು ಏನು ಬೇಕಾದರೂ ಕೇಳು ಎಂದಾಗ, ಬದುಕಿನಲ್ಲೂ ಸಾವಿನಲ್ಲೂ ಅಳಿಯದ ನೆನಪನ್ನು ಕೇಳಿದ. ಮುಂದೆ ಟ್ರಾಯ್ ಯುದ್ಧದಲ್ಲಿ ಮೆನೆಲಾಸ್‌ನಿಂದ ಗಾಯಗೊಂಡ ಯೂಫೋರ್ಬಸ್ ಆದ. ಆಮೇಲೆ ಹರ್ಮೊಟಿಮಸ್ ಆಗಿ, ಅಪೊಲೋ ದೇವಾಲಯದಲ್ಲಿ ಮೆನೆಲಾಸ್ ಹರಕೆ ಒಪ್ಪಿಸಿದ್ದ, ಉಳಿದದ್ದೆಲ್ಲ ಲಡ್ಡಾಗಿ ದಂತದ ಮುಖವಷ್ಟೇ ಉಳಿದಿದ್ದ ಗುರಾಣಿಯನ್ನು ಗುರುತಿಸಿ ತೋರಿಸಿದ. ಆಮೇಲೆ ಡೆಲೋಸ್‌ನ ಮೀನುಗಾರ ಪಿರ್ಹಸ್. ಕೊನೆಗೆ ಪೈಥಾಗೊರಸ್. ಇದು ಅಪ್ಪಟ ಭವಾವಳಿ, ಜೊತೆಗೆ ಜಾತಿಸ್ಮರಣೆ. ಮೇಷ್ಟ್ರ ಪದವನ್ನು ನಿಸ್ಸಂಕೋಚವಾಗಿ ಇಲ್ಲಿ ಹಾಕಿ. ಇನ್ನೊಬ್ಬ ಗ್ರೀಕ್ ತತ್ತ್ವಜ್ಞಾನಿ ಎಂಪೆಡೊಕ್ಲಿಸ್ ‘ನಾನು ಹಿಂದೆ ಹುಡುಗನಾಗಿದ್ದೆ, ಹುಡುಗಿಯಾಗಿದ್ದೆ, ಪೊದೆ, ಹಕ್ಕಿ, ಕಡಲ ಮೂಕ ಮೀನಾಗಿದ್ದೆ’ ಅನ್ನುವುದು ನಿಮ್ಮ ಪುಸ್ತಕದಲ್ಲಿದ್ದರೆ ಅಲ್ಲಿಯೂ ಒಪ್ಪುತ್ತದೆ.

ಒಂದು ಎಚ್ಚರ. ಭವಾವಳಿ ಎಂದ ಕೂಡಲೇ ಕನ್ನಡ ಓದುಗ ಕರ್ಮವನ್ನು ತಾನಾಗಿ ಸೇರಿಸಿಕೊಳ್ಳುತ್ತಾನೆ. ಈಥಲಿಡಿಸ್ ಯಾವ ಪಾಪಕ್ಕೆ ಯೂಫೋರ್ಬಸ್ ಆದ ಎಂದು ಆ ಕಥೆ ಹೇಳುವುದಿಲ್ಲ. ಜೈನರ ಕರ್ಮವಂತೂ ಜೀವಕ್ಕೆ ಅಂಟುವ ಪುದ್ಗಲ, ದ್ರವ್ಯ, ಅಂಥದ್ದು ಗ್ರೀಕರಲ್ಲಿಲ್ಲ. ಆದ್ದರಿಂದ ಪದ ಮೊದಲ ಸಲ ಬಂದಾಗ ‘ಕರ್ಮದ ಲೆಕ್ಕವಿಲ್ಲದೆ, ಬರಿಯ ಹುಟ್ಟುಗಳ ಸಾಲು ಎಂಬ ಅರ್ಥದಲ್ಲಿ’ ಎಂದೊಂದು ಸಾಲು ಸೇರಿಸಿ.

ಉಳಿದ ಜಾಗಗಳಿಗೆ ಏನು ಹಾಕುವುದು? ‘ಪುನರ್ಜನ್ಮ’ ಎಲ್ಲರಿಗೂ ಅರ್ಥವಾಗುತ್ತದೆ, ಅದೇ ಅದರ ತೊಂದರೆ ಕೂಡ. ಅಪಘಾತದಲ್ಲಿ ಬದುಕಿದವನಿಗೂ ಪುನರ್ಜನ್ಮ, ಮುಚ್ಚಿದ ಸಕ್ಕರೆ ಕಾರ್ಖಾನೆ ತೆರೆದರೂ ಪುನರ್ಜನ್ಮ. ಮನುಷ್ಯ ನಾಯಿಯಾಗಿ ಹುಟ್ಟಬಹುದು ಎಂಬ ಪೈಥಾಗೊರಸ್‌ನ ಮುಖ್ಯ ಅಂಶ ಅದರಲ್ಲಿ ಕೇಳಿಸುವುದಿಲ್ಲ. ‘ಸಂಸಾರ’ ಮೂಲಾರ್ಥದಲ್ಲಿ ಸರಿ ಇದ್ದರೂ ಇಂದು ಹೆಂಡತಿ ಮಕ್ಕಳಾಗಿಬಿಟ್ಟಿದೆ. ‘ಆತ್ಮ ಸಂಚಾರ’ ಎಂದರೆ ರಾತ್ರಿ ಹುಣಸೆಮರದ ಕಡೆ ಹೋಗಬೇಡ ಎಂಬ ಧ್ವನಿ ಬರುತ್ತದೆ. ‘ಪುನರ್ಭವ’ವನ್ನು ಬೌದ್ಧರ ಅಧ್ಯಾಯಕ್ಕೆ ಎತ್ತಿಡಿ, ಅವರು ಮತ್ತೆ ಹುಟ್ಟನ್ನು ಒಪ್ಪಿ ಶಾಶ್ವತ ಆತ್ಮವನ್ನು ಒಪ್ಪದವರು, ಅಲ್ಲಿ ‘ಆತ್ಮ’ ಇಲ್ಲದ ಪದವೇ ಬೇಕು.

‘ಪರಕಾಯ ಪ್ರವೇಶ’ ಯಾಕೆ ತಪ್ಪು ಎಂದು ಸಹೋದ್ಯೋಗಿಗೆ ವಿವರಿಸಬೇಕಾದರೆ: ಅದು ಬದುಕಿರುವ ಯೋಗಿ ತನ್ನ ದೇಹವನ್ನು ಒಂದೆಡೆ ಇಟ್ಟು ಸಿದ್ಧವಾಗಿರುವ ಇನ್ನೊಂದು ದೇಹವನ್ನು ಹೊಕ್ಕು, ಬೇಕೆಂದಾಗ ಮರಳುವ ಸಿದ್ಧಿ. ಯೋಗಸೂತ್ರದ ವಿಭೂತಿಪಾದದಲ್ಲಿ ‘ಪರಶರೀರಾವೇಶ’ ಎಂದು ಬರುವುದು ಇದೇ. ಶಂಕರಾಚಾರ್ಯರು ಅಮರುಕ ರಾಜನ ಮೃತದೇಹ ಹೊಕ್ಕ ಐತಿಹ್ಯವೂ ಇದೇ. ಅಲ್ಲಿ ಸಾವೂ ಇಲ್ಲ, ಹುಟ್ಟೂ ಇಲ್ಲ, ಗರ್ಭವೂ ಇಲ್ಲ.

ನನ್ನ ಆಯ್ಕೆ ‘ದೇಹಾಂತರಪ್ರಾಪ್ತಿ’. ಭಗವದ್ಗೀತೆಯ ಎರಡನೆಯ ಅಧ್ಯಾಯದ 13ನೆಯ ಶ್ಲೋಕದಲ್ಲಿ ಇದೇ ಪದ ಇದೆ, ಪ್ಲಾಟಿನಸ್‌ನ ಪದಕ್ಕೂ ಹೊಂದುತ್ತದೆ, ಯಾವ ದೇಹ ಎಂದು ಕಟ್ಟಿಹಾಕುವುದಿಲ್ಲ. ಇದಕ್ಕೂ ಒಂದು ಕೊರತೆ ಇದೆ: ಒಂದು ರಕಾರ ಬಿದ್ದುಹೋದರೆ ‘ದೇಹಾಂತ’, ಅಂದರೆ ಬರಿಯ ಸಾವು. ‘ಪ್ರಾಪ್ತಿ’ಯನ್ನು ಬಿಡದೆ ಬರೆದರೆ ಆ ಅಪಾಯ ಕಡಿಮೆ. ಪದ ಭಾರವಾಯಿತು ಅನ್ನಿಸಿದ ಕಡೆ ವಾಕ್ಯವನ್ನೇ ಬಿಡಿಸಿ ಬರೆಯಿರಿ. ಒಂದು ಪದಕ್ಕೆ ಒಂದೇ ಪದ ಕೊಡಬೇಕೆಂಬ ಹಟ ಬೇಡ.

ಉದಾಹರಣೆಗೆ ‘ಪೈಥಾಗೊರಸ್ ಪರಕಾಯ ಪ್ರವೇಶದಲ್ಲಿ ನಂಬಿಕೆಯನ್ನು ಹೊಂದಿದ್ದನು’ ಎಂಬ ಈಗಿನ ವಾಕ್ಯ ಹೀಗಾಗಬಹುದು: ‘ಸತ್ತ ಮೇಲೆ ಜೀವ ಇನ್ನೊಂದು ದೇಹ ಸೇರುತ್ತದೆ, ಅದು ಪ್ರಾಣಿಯ ದೇಹವೂ ಆಗಬಹುದು ಎಂದು ಪೈಥಾಗೊರಸ್ ನಂಬಿದ್ದ. ಈ ದೇಹಾಂತರಪ್ರಾಪ್ತಿಗೆ ನಂತರದ ಗ್ರೀಕರು ಮೆಟೆಂಪ್ಸೈಕೋಸಿಸ್ ಎಂದರು.’ ಹೆರಾಕ್ಲಿಡಿಸ್‌ನ ಕಥೆ ಬಂದಾಗ: ‘ಪೈಥಾಗೊರಸ್‌ನ ಭವಾವಳಿ ಈಥಲಿಡಿಸ್‌ನಿಂದ ಶುರುವಾಗುತ್ತದೆ.’ ಇಲ್ಲಿ ಏಕವಚನವೇ ಸರಿ, ಭವಾವಳಿ ಆಗಲೇ ಒಂದು ಸಾಲು. ಪೈಥಾಗೊರಸ್ ಮತ್ತು ಎಂಪೆಡೊಕ್ಲಿಸ್ ಇಬ್ಬರದ್ದನ್ನೂ ಹೋಲಿಸುವಾಗ ಮಾತ್ರ ‘ಭವಾವಳಿಗಳು’. ಕ್ರಿಯಾಪದವಾಗಿ ‘ಭವಾವಳಿ ಹೇಳು’, ‘ಭವಾವಳಿ ಕೇಳು’ ಸಹಜ. ‘ಅವನು ಭವಾವಳಿ ಹೊಂದಿದನು’ ಎಂದು ಬರೆಯಬೇಡಿ, ಹೊಂದುವುದು ಭವವನ್ನು. ಒಂದೇ ಮುಂದಿನ ಹುಟ್ಟಿನ ಮಾತಾದರೆ ‘ಭವಾಂತರ’ ಅಥವಾ ‘ಜನ್ಮಾಂತರ’ ಸಾಕು. ಪುಸ್ತಕದ ಕೊನೆಯ ಪದಕೋಶದಲ್ಲಿ ಮೆಟೆಂಪ್ಸೈಕೋಸಿಸ್ ಎದುರು ದೇಹಾಂತರಪ್ರಾಪ್ತಿ ಇರಲಿ, ಭವಾವಳಿಗೆ ಅದರದ್ದೇ ಪ್ರತ್ಯೇಕ ನಮೂದು ಕೊಡಿ.